ಹಿಂದೆ ಸರಿಯಲು ಜಾಗವಿಲ್ಲದ ಕಡಲತೀರ: ಶಾಲೆಗೆ ತರಿಸಿದ ಅಲೆತೊಟ್ಟಿಯ ವಿಮರ್ಶೆ

ಕಡಲಮಟ್ಟ ಏರುತ್ತಿರುವಾಗ ಸಾರ್ವಜನಿಕ ಕಡಲತೀರಗಳನ್ನು ಹೇಗೆ ಉಳಿಸಿಕೊಳ್ಳಬಹುದು ಎಂಬುದನ್ನು ಮಕ್ಕಳಿಗೆ ಮಾಡಿ ತೋರಿಸುವ ಅಲೆತೊಟ್ಟಿಯ ಕಿಟ್ ಒಂದನ್ನು ಕಳೆದ ಜೂನ್ ತಿಂಗಳಲ್ಲಿ ನಮ್ಮ ಶಾಲೆಗೆ ತರಿಸಿಕೊಂಡೆವು. ನಮ್ಮದು ಕಲಬುರಗಿಯಿಂದ ಅಫಜಲಪುರದ ಕಡೆಗೆ ಹೋಗುವ ರಸ್ತೆಯಲ್ಲಿರುವ ಸರಕಾರಿ ಪ್ರೌಢಶಾಲೆ; ನಾನು ಇಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಪೂರ್ಣ ಶೈಕ್ಷಣಿಕ ವರ್ಷ ಅದನ್ನು ಬಳಸಿದ ಮೇಲೆ, ಇದೇ ಕಿಟ್ ಕೊಳ್ಳಬೇಕೆಂದಿರುವ ಬೇರೆ ಶಾಲೆಗಳ ಶಿಕ್ಷಕರಿಗೆ ಉಪಯೋಗವಾಗಲೆಂದು ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇದು ಕೊಳ್ಳಬಹುದಾದ ವಸ್ತು, ಆದರೆ ಬಂದ ಹಾಗೆಯೇ ಬಳಸಬಾರದು. ಅದರ ವಿನ್ಯಾಸದಲ್ಲಿಯೇ ಒಂದು ದೊಡ್ಡ ಕೊರತೆಯಿದ್ದು, ಆ ಕೊರತೆ ಪಾಠದ ತಿರುಳನ್ನೇ ಮಕ್ಕಳ ಕಣ್ಣಿಂದ ಮರೆಮಾಡುತ್ತದೆ.

ಖರೀದಿಯ ಮಾತು ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. “ಟೀಚರ್ರೀ, ಬ್ಯಾಸಗ್ಯಾಗ ಕುಡಿಯಾಕ ನೀರಿಗಿ ಒದ್ದಾಡ್ತೀವಿ. ಸಮುದ್ರ ಏರೋ ಪಾಠ ನಮ್ಮ ಹುಡುಗರಿಗ್ಯಾಕ್ರಿ?” ಎಂದರು. ಕಲಬುರಗಿಯಿಂದ ಕಾರವಾರದ ಕಡಲಿಗೆ ಸುಮಾರು 500 ಕಿಲೋಮೀಟರ್ ದಾರಿ. ಊರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ನನ್ನ ಒಂಬತ್ತನೆಯ ತರಗತಿಯ 46 ಮಕ್ಕಳಲ್ಲಿ ಕಡಲನ್ನು ಕಣ್ಣಾರೆ ಕಂಡವರು ಮೂವರು ಮಾತ್ರ. ಆದರೂ ನಾನು ಆ ಸದಸ್ಯರಿಗೆ ಎರಡು ಮಾತು ಹೇಳಿದೆ. ಗೋಕರ್ಣ, ಮುರುಡೇಶ್ವರ, ಮಲ್ಪೆಗಳ ಕಡಲತೀರ ಯಾರೊಬ್ಬರ ಸ್ವತ್ತೂ ಅಲ್ಲ, ಟಿಕೆಟ್ ಇಲ್ಲದೆ ಎಲ್ಲರೂ ಹೋಗಿ ನಿಲ್ಲಬಹುದಾದ ಜಾಗ. ಆದ್ದರಿಂದ ಅದು ನಮ್ಮ ಮಕ್ಕಳದೂ ಹೌದು. ಎರಡನೆಯದು, ನಮ್ಮ ಭೀಮೆಯ ಉಸುಕಿಗೂ ಕಡಲತೀರಕ್ಕೂ ಸಂಬಂಧವಿದೆ. ಆ ಸಂಬಂಧವನ್ನು ಮುಂದೆ ವಿವರಿಸುತ್ತೇನೆ, ಏಕೆಂದರೆ ಈ ಕಿಟ್‌ನ ಕೈಪಿಡಿಯಲ್ಲಿ ಅದರ ಸುಳಿವೇ ಇಲ್ಲ.

ಪಾಠದ ಹಿನ್ನೆಲೆಯನ್ನು ಚುಟುಕಾಗಿ ಹೇಳಬೇಕು. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯಾದ ಐಪಿಸಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಕಡಲಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಮತ್ತು 2006ರಿಂದ 2018ರ ಅವಧಿಯಲ್ಲಿ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರ್ ಆಗಿದೆ. ಬಿಸಿಯಾದ ನೀರು ಹಿಗ್ಗುವುದು ಒಂದು ಕಾರಣ, ನೆಲದ ಮೇಲಿನ ಹಿಮ ಕರಗಿ ಕಡಲಿಗೆ ಸೇರುವುದು ಇನ್ನೊಂದು. ಈ ಶತಮಾನದ ಕೊನೆಗೆ, ಇಂಗಾಲದ ಹೊಗೆಯನ್ನು ಬಹುವಾಗಿ ತಗ್ಗಿಸಿದರೆ 28ರಿಂದ 55 ಸೆಂಟಿಮೀಟರ್, ಈಗಿನದಕ್ಕಿಂತ ಬಹಳ ಹೆಚ್ಚಿಸಿದರೆ 63 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ ಏರಬಹುದು ಎಂಬುದು ಅದೇ ವರದಿಯ ಅಂದಾಜು. ವರ್ಷಕ್ಕೆ 3.7 ಮಿಲಿಮೀಟರ್ ಎಂದರೆ ಮಕ್ಕಳಿಗೆ ಏನೂ ಅನ್ನಿಸುವುದಿಲ್ಲ, ಒಂದು ಜೋಳದ ಕಾಳಿನಷ್ಟು. ಆ ಜೋಳದ ಕಾಳು ಇಳಿಜಾರಾದ ಉಸುಕಿನ ಮೇಲೆ ಏನು ಮಾಡುತ್ತದೆ ಎಂಬುದನ್ನು ಹಲಗೆಯ ಮೇಲೆ ಬರೆದು ತಿಳಿಸಲಾಗದು. ಈ ತೊಟ್ಟಿ ಬೇಕಾದದ್ದು ಅದಕ್ಕೆ.

ಪೆಟ್ಟಿಗೆಯಲ್ಲಿ ಬಂದದ್ದು ಇಷ್ಟು: 120 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಅಕ್ರಿಲಿಕ್ ತೊಟ್ಟಿ, ಒಂದು ತುದಿಯಲ್ಲಿ ಹಿಂದೆ ಮುಂದೆ ಆಡುವ ಹಲಗೆ, ಅದನ್ನು ಆಡಿಸುವ ಸಣ್ಣ ಮೋಟಾರು, ವೇಗ ಹೆಚ್ಚು ಕಡಿಮೆ ಮಾಡುವ ಗುಂಡಿ, ಮೂರು ಚೀಲ ತೊಳೆದ ಮರಳು, ನೆಟ್ಟಗಿನ ತಡೆಗೋಡೆಯಾಗಿ ನಿಲ್ಲಿಸುವ ಒಂದು ಹಲಗೆ, ತೆಂಗಿನ ನಾರಿನ ಚಾಪೆಯ ತುಂಡುಗಳು, ಮತ್ತು ಪ್ಲಾಸ್ಟಿಕ್ಕಿನ ಆಟಿಕೆಯಂಥ ಬೆಂಚು, ಶೌಚಾಲಯ, ದೀಪದ ಕಂಬ, ಜೀವರಕ್ಷಕನ ಗೋಪುರ. ಬೆಲೆ 14,800 ರೂಪಾಯಿ. ಸರಕಾರಿ ಶಾಲೆಗೆ ಇದು ಸಣ್ಣ ಮೊತ್ತವಲ್ಲ. ಶಿಕ್ಷಕರು ಕೈಯಿಂದ ಹಾಕಿದ್ದೂ ಇದೆ. ಅಕ್ರಿಲಿಕ್ ಹಾಳೆ ಒಳ್ಳೆಯದು, ದಪ್ಪಗಿದೆ, ಬದಿಯಿಂದ ನೋಡಿದರೆ ಉಸುಕಿನ ಪದರಗಳು ಗಾಜಿನಲ್ಲಿ ಕಂಡಷ್ಟೇ ಸ್ಪಷ್ಟವಾಗಿ ಕಾಣುತ್ತವೆ. ಇನ್ನೊಂದು ಅನುಕೂಲವೆಂದರೆ ನೀರಿನ ಮಿತವ್ಯಯ. ಮಟ್ಟವನ್ನು ಒಂದು ಸೆಂಟಿಮೀಟರ್ ಏರಿಸಲು ಎರಡೂವರೆ ಲೀಟರಿಗಿಂತ ಕಡಿಮೆ ನೀರು ಸಾಕು, ಮತ್ತು ಅದೇ ನೀರನ್ನು ಬಸಿದು ವಾರವಿಡೀ ಬಳಸಬಹುದು. ನಮ್ಮ ಬೇಸಿಗೆಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಮೊದಲನೆಯ ಪ್ರಯೋಗ ಸರಳವಾದದ್ದು. ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಉಸುಕು ಹಾಸಿ, ನೀರು ತುಂಬಿ, ಅಲೆಯನ್ನು ಹತ್ತು ನಿಮಿಷ ಆಡಲು ಬಿಟ್ಟರೆ ಉಸುಕು ತನ್ನ ರೂಪವನ್ನು ತಾನೇ ಹುಡುಕಿಕೊಳ್ಳುತ್ತದೆ. ನೀರಿನ ಅಂಚಿನಲ್ಲಿ ಸಣ್ಣದೊಂದು ಮೆಟ್ಟಿಲು, ಮುಂದೆ ನೀರಿನೊಳಗೆ ತಗ್ಗಾದ ದಿಣ್ಣೆ. ಆಮೇಲೆ ಎರಡು ಸೆಂಟಿಮೀಟರ್ ನೀರು ಏರಿಸಿದೆವು. ಬರೀ ಲೆಕ್ಕದ ಪ್ರಕಾರ ನೀರಿನ ಗೆರೆ 20 ಸೆಂಟಿಮೀಟರ್ ಒಳಕ್ಕೆ ಬರಬೇಕು, ಬಂತು. ಆದರೆ ಅಲೆ ಮತ್ತೆ ಆಡತೊಡಗಿದಾಗ ಅದು ಅಲ್ಲಿಗೆ ನಿಲ್ಲಲಿಲ್ಲ. ಮೇಲಿನ ಉಸುಕನ್ನು ಕೆರೆದು ಕೆಳಗೆ ನೀರಿನ ತಳಕ್ಕೆ ಹಾಸುತ್ತ, ಇಡೀ ದಂಡೆಯನ್ನೇ ಇನ್ನಷ್ಟು ಹಿಂದಕ್ಕೆ, ತುಸು ಮೇಲಕ್ಕೆ ಸರಿಸಿತು. ಕರಾವಳಿಯ ಎಂಜಿನಿಯರುಗಳು ಬ್ರೂನ್ ನಿಯಮ ಎಂದು ಕರೆಯುವುದು ಇದನ್ನೇ: ಸಾಮಾನ್ಯ ಉಸುಕಿನ ದಂಡೆಯಲ್ಲಿ ಕಡಲು ಏರಿದ ಎತ್ತರದ ಸುಮಾರು 50ರಿಂದ 100 ಪಟ್ಟು ದೂರಕ್ಕೆ ದಂಡೆ ಹಿಂದೆ ಸರಿಯುತ್ತದೆ ಎಂಬ ಒರಟು ಅಂದಾಜು. ಆ ಲೆಕ್ಕದಲ್ಲಿ ಒಂದು ಜೋಳದ ಕಾಳಿನ ಏರಿಕೆಗೆ ದಂಡೆ ಒಂದು ಗೇಣಾದರೂ ಹಿಂದೆ ಸರಿಯುತ್ತದೆ. ಎಲ್ಲ ಕಡೆಯೂ ಹೊಂದುವ ನಿಯಮ ಅದಲ್ಲ ಎಂಬ ಟೀಕೆಯೂ ಇದೆ. ಆದರೆ ದಂಡೆ ಸಾಯುವುದಿಲ್ಲ, ಸರಿಯುತ್ತದೆ ಎಂಬ ಮೂಲ ಮಾತು ಮಕ್ಕಳಿಗೆ ಈ ತೊಟ್ಟಿಯಲ್ಲಿ ಅರ್ಥವಾದಷ್ಟು ನನ್ನ ಬಾಯಿಮಾತಿನಲ್ಲಿ ಎಂದೂ ಅರ್ಥವಾಗಿರಲಿಲ್ಲ.

ಎರಡನೆಯ ಪ್ರಯೋಗ ತಡೆಗೋಡೆಯದು. ಈ ಕಿಟ್‌ನ ಬೆಲೆ ತೀರುವುದು ಇಲ್ಲಿಯೇ. ಒಣ ಉಸುಕಿನ ನಡುವೆ ಹಲಗೆಯನ್ನು ನೆಟ್ಟಗೆ ಊರಿ, ಅದರ ಹಿಂದೆ ಬೆಂಚು, ಶೌಚಾಲಯ, ದೀಪದ ಕಂಬಗಳನ್ನು ಸಾಲಾಗಿ ನಿಲ್ಲಿಸಿದೆವು. ಗೋಡೆಯ ಮುಂದೆ ಒಂದು ಗೇಣಿನಷ್ಟು ದಂಡೆ ಉಳಿದಿತ್ತು. ಅದರ ಮೇಲೆ ಹುಡುಗಿಯೊಬ್ಬಳು ತನ್ನ ಪೆನ್ಸಿಲ್ಲಿನ ತುಂಡನ್ನು ದೋಣಿ ಎಂದು ಎಳೆದಿಟ್ಟಳು. ನೀರನ್ನು ಒಂದು ಸೆಂಟಿಮೀಟರ್ ಏರಿಸಿದಾಗ ಅಲೆ ಗೋಡೆಯ ಬುಡಕ್ಕೆ ತಾಕತೊಡಗಿತು. ತಾಕಿದ ಅಲೆ ಸಪಾಟು ಹಲಗೆಗೆ ಬಡಿದು ಹಿಂದಕ್ಕೆ ಮರಳಿ, ಎದುರು ಬರುವ ಅಲೆಗೆ ಕೂಡಿ, ಗೋಡೆಯ ಮುಂದಿನ ನೀರು ನಿಂತಲ್ಲಿಯೇ ಕುದಿಯುವಂತೆ ಏರಿಳಿಯಿತು. ಆ ಹುಡುಗಿ ನೆಲದ ಮೇಲೆ ಕುಳಿತು ತೊಟ್ಟಿಯ ಬದಿಗೆ ಮುಖವಿಟ್ಟು ನೋಡುತ್ತಿದ್ದಳು. ಗೋಡೆಯ ಬುಡದಿಂದ ಉಸುಕಿನ ಕಣಗಳು ಹೊಗೆಯ ಹಾಗೆ ಎದ್ದು, ಸುತ್ತಿ, ಹಿಂದಕ್ಕೆ ಹೋಗುತ್ತಿದ್ದವು, ಮರಳಿ ಬರುತ್ತಿರಲಿಲ್ಲ. ಏಳೆಂಟು ನಿಮಿಷದಲ್ಲಿ ಬುಡದಲ್ಲಿ ಎರಡು ಬೆರಳು ಆಳದ ತಗ್ಗು ಬಿದ್ದಿತು, ಪೆನ್ಸಿಲ್ಲು ತೇಲಿ ಹೋಯಿತು. “ಟೀಚರ್ರೀ, ಗೋಡಿ ಹಂಗೇ ಅದ, ಬೆಂಚೂ ಹಂಗೇ ಅದ. ಉಸುಕು ಎಲ್ಲಿ ಹೋಯ್ತ್ರಿ?” ಎಂದು ಅವಳು ಕೇಳಿದಳು. ಕಡಲತೀರದ ಕುರಿತು ನಾನು ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಗೋಡೆ ತನ್ನ ಹಿಂದಿನದನ್ನು ಕಾಯುತ್ತದೆ. ಮುಂದಿನ ದಂಡೆಯನ್ನು ಕಾಯುವುದು ಅದರ ಕೆಲಸವಲ್ಲ, ಮತ್ತು ಏರುವ ಕಡಲಿನ ಎದುರು ಅದು ದಂಡೆಯನ್ನು ಬಲಿ ಕೊಟ್ಟೇ ಹಿಂದಿನದನ್ನು ಉಳಿಸುತ್ತದೆ. ಮನೆಗಳನ್ನೋ ಹೆದ್ದಾರಿಯನ್ನೋ ಉಳಿಸಲು ಗೋಡೆ ಅನಿವಾರ್ಯವಾದ ಜಾಗಗಳು ಇರುತ್ತವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಉಳ್ಳಾಲ, ಸೋಮೇಶ್ವರ, ಮರವಂತೆಗಳ ಕಡೆ ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ ಬರುತ್ತದೆ. ಲಾರಿಗಟ್ಟಲೆ ಬಂಡೆ ಸುರಿದರೂ ಬುಡದ ಹೊಯ್ಗೆ ಸರಿದು ಬಂಡೆಗಳು ಕುಸಿದು ಕೂರುವುದನ್ನು ಅಲ್ಲಿಯವರು ಕಂಡಿದ್ದಾರೆ. ಮನೆಯ ಅಂಗಳಕ್ಕೆ ಕಡಲು ಬಂದವರಿಗೆ ಗೋಡೆ ಬೇಡ ಎಂದು ಕಲಬುರಗಿಯಲ್ಲಿ ಕುಳಿತು ಹೇಳುವ ಹಕ್ಕು ನನಗಿಲ್ಲ. ಆದರೆ ಒಂದು ಬೆಂಚು, ಒಂದು ಶೌಚಾಲಯ, ಒಂದು ವಾಹನ ನಿಲ್ದಾಣವನ್ನು ಉಳಿಸಲು ಸಾರ್ವಜನಿಕ ದಂಡೆಯ ಮೇಲೆ ಗೋಡೆ ಕಟ್ಟುವುದು ಬೇರೆ ಮಾತು. ಅಲ್ಲಿ ಹೋಗುವುದು ಪ್ರವಾಸಿಗರ ಆಟದ ಜಾಗವಷ್ಟೇ ಅಲ್ಲ. ನಾಡದೋಣಿಗಳನ್ನು ಎಳೆದಿಡುವ ಜಾಗ, ಊರವರೆಲ್ಲ ಸಾಲಾಗಿ ನಿಂತು ರಂಪಣಿ ಬಲೆ ಎಳೆಯುವ ಜಾಗ, ಹೆಂಗಸರು ಮೀನು ಒಣಹಾಕುವ ಜಾಗ, ಕಡಲಾಮೆ ಮೊಟ್ಟೆಯಿಡುವ ಜಾಗ. ಕೈಪಿಡಿಯಲ್ಲಿ ಈ ಪ್ರಯೋಗದ ಕೊನೆಗೆ “ಗೋಡೆಯ ಹಿಂದಿನ ಆಸ್ತಿ ಸುರಕ್ಷಿತವಾಗಿದೆಯೇ?” ಎಂಬ ಒಂದೇ ಪ್ರಶ್ನೆಯಿದೆ. ದಂಡೆ ಉಳಿಯಿತೇ ಎಂಬ ಪ್ರಶ್ನೆಯಿಲ್ಲ. ಅದನ್ನು ನನ್ನ ವಿದ್ಯಾರ್ಥಿನಿ ಕೇಳಬೇಕಾಯಿತು.

ಹಲಗೆಯ ಬದಲು ಇಳಿಜಾರಾಗಿ ಕಲ್ಲು ಜೋಡಿಸಿಯೂ ನೋಡಿದೆವು. ಶಹಾಬಾದದ ಫರಸಿಯ ಚೂರುಗಳು ನಮ್ಮಲ್ಲಿ ಯಾರ ಮನೆಯ ಹಿತ್ತಲಲ್ಲಾದರೂ ಸಿಗುತ್ತವೆ. ಒರಟಾದ ಕಲ್ಲಿನ ಸಂದುಗಳಲ್ಲಿ ನೀರು ನುಸುಳಿ ಅಲೆಯ ಹೊಡೆತ ಕಡಿಮೆಯಾಯಿತು, ಬುಡದ ತಗ್ಗು ಸಣ್ಣದಾಯಿತು, ಆದರೆ ಮುಂದಿನ ದಂಡೆ ಈ ಸಲವೂ ಉಳಿಯಲಿಲ್ಲ. ಇಲ್ಲಿ ಪಾಠದ ಹೊರಗಿನ ಒಂದು ಮಾತನ್ನು ಮಕ್ಕಳಿಗೆ ಹೇಳದೆ ಇರಲಾಗಲಿಲ್ಲ. ನಾವು ಮನೆಗೆ ಹಾಸುವ ಆ ಫರಸಿ ಕೋಟ್ಯಂತರ ವರ್ಷಗಳ ಹಿಂದೆ ಇದೇ ಜಾಗದಲ್ಲಿದ್ದ ಕಡಲಿನ ತಳದಲ್ಲಿ ಕೂತ ಸುಣ್ಣದ ಕೆಸರು. ಕಡಲು ಬರುತ್ತದೆ, ಹೋಗುತ್ತದೆ ಎಂಬುದಕ್ಕೆ ಅವರ ಕಾಲ ಕೆಳಗೇ ಸಾಕ್ಷಿಯಿದೆ.

ಮೂರನೆಯದು ಮರಳ ದಿಬ್ಬ ಮತ್ತು ಗಿಡಗಳ ಪ್ರಯೋಗ. ದಂಡೆಯ ಹಿಂದೆ ಉಸುಕನ್ನು ಅಂಗೈ ಎತ್ತರ ಗುಡ್ಡೆ ಮಾಡಿ, ಅದರೊಳಗೆ ನಾರಿನ ಚಾಪೆಯ ಎಳೆಗಳನ್ನು ಹೂಳಿ ಅಲೆ ಬಿಡಬೇಕು. ದೊಡ್ಡ ಅಲೆ ಬಂದಾಗ ದಿಬ್ಬದ ಮುಖ ಕುಸಿದು, ಆ ಉಸುಕು ಮುಂದಿನ ದಂಡೆಗೆ ಹರಡಿ, ಅಲೆಯನ್ನು ದೂರದಲ್ಲಿಯೇ ಒಡೆಯುವಂತೆ ಮಾಡುತ್ತದೆ. ದಿಬ್ಬವೆಂದರೆ ಆಪತ್ಕಾಲಕ್ಕೆ ಕೂಡಿಟ್ಟ ಕಾಳಿನ ಹಗೇವು ಇದ್ದ ಹಾಗೆ. ನಾರಿರುವ ದಿಬ್ಬ ನಾರಿಲ್ಲದ ದಿಬ್ಬಕ್ಕಿಂತ ಎರಡು ಪಟ್ಟು ಹೊತ್ತು ನಿಂತಿತು. ನಿಜವಾದ ಕಡಲತೀರದಲ್ಲಿ ಈ ನಾರಿನ ಕೆಲಸವನ್ನು ಮಾಡುವುದು ಅಡುಂಬು ಬಳ್ಳಿ ಮತ್ತು ರಾವಣನ ಮೀಸೆ ಎಂಬ ಚುಚ್ಚುವ ಹುಲ್ಲು. ಆಡಿನ ಗೊರಸಿನಂತೆ ಸೀಳಿದ ಎಲೆ, ನೇರಳೆ ಬಣ್ಣದ ಹೂವಿನ ಆ ಬಳ್ಳಿ ಉಪ್ಪುಗಾಳಿಗೂ ಸುಡುವ ಮರಳಿಗೂ ಜಗ್ಗದೆ ಹರಡಿ, ಗಾಳಿ ತಂದ ಮರಳನ್ನು ಹಿಡಿದು ದಿಬ್ಬ ಕಟ್ಟುತ್ತದೆ. ಕಡಲತೀರವನ್ನು ಚೊಕ್ಕಟ ಮಾಡುವ ಹೆಸರಿನಲ್ಲಿ ಇದನ್ನು ಕಳೆಯೆಂದು ಕಿತ್ತೆಸೆದು, ದಿಬ್ಬವನ್ನು ಸಪಾಟು ಮಾಡಿ, ಪೇವರ್ ಹಾಸಿ, ಹುಲ್ಲುಹಾಸು ಬೆಳೆಸುವುದು ಏರುವ ಕಡಲಿಗೆ ಬಾಗಿಲು ತೆರೆದಿಟ್ಟಂತೆ. ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್‌ನಲ್ಲಿ 1967ರ ಚಂಡಮಾರುತಗಳು ದಂಡೆಯನ್ನು ಕೊಚ್ಚಿಹಾಕಿದ ಮೇಲೆ ಅವರು ಕಲ್ಲಿನ ಗೋಡೆ ಕಟ್ಟಿದರು, ಆದರೆ ಅದನ್ನು ಹಿಂದೆ ಇಟ್ಟು, ಮರಳಿನಿಂದ ಮುಚ್ಚಿ, ಮೇಲೆ ದಿಬ್ಬ ಮತ್ತು ಗಿಡ ಬೆಳೆಸಿದರು. ಗೋಡೆ ಕೊನೆಯ ಆಸರೆ, ದಿಬ್ಬ ಮೊದಲನೆಯದು. ಈ ಜೋಡಣೆಯನ್ನು ನಮ್ಮ ತೊಟ್ಟಿಯಲ್ಲಿ ಮಾಡಿ ನೋಡಿದ ದಿನ ಮಕ್ಕಳು ಗಂಟೆ ಬಾರಿಸಿದರೂ ಏಳಲಿಲ್ಲ.

ನಾಲ್ಕನೆಯದಾಗಿ ಹೊರಗಿನಿಂದ ಮರಳು ತಂದು ಸುರಿಯುವ ಪ್ರಯೋಗ. ಕಿಟ್‌ನ ಮೂರನೆಯ ಚೀಲ ಇದಕ್ಕೇ ಇರುವುದು. ನೆದರ್ಲೆಂಡ್ಸ್ ದೇಶ 2011ರಲ್ಲಿ ತನ್ನ ದಕ್ಷಿಣ ಹಾಲೆಂಡಿನ ತೀರದಲ್ಲಿ 2 ಕೋಟಿ 15 ಲಕ್ಷ ಘನ ಮೀಟರ್ ಮರಳನ್ನು ಒಂದೇ ಕಡೆ ಗುಡ್ಡೆ ಹಾಕಿ, ಅದನ್ನು ಹರಡುವ ಕೆಲಸವನ್ನು ಗಾಳಿಗೂ ಅಲೆಗೂ ಪ್ರವಾಹಕ್ಕೂ ಬಿಟ್ಟಿತು. ಸುರಿದ ಮರಳಿನ ಕಣ ದಪ್ಪಗಿದ್ದರೆ ಹೆಚ್ಚು ಕಾಲ ಉಳಿಯುತ್ತದೆ, ಸಣ್ಣದಾಗಿದ್ದರೆ ಬೇಗ ಹೋಗುತ್ತದೆ. ಇದನ್ನು ಪರೀಕ್ಷಿಸಲು ಕಿಟ್‌ನಲ್ಲಿ ಒಂದೇ ಬಗೆಯ ಮರಳಿರುವುದು ಕೊರತೆಯೇ ಸರಿ. ನಾವು ಭೀಮೆಯ ಉಸುಕನ್ನು ಎರಡು ಜರಡಿಯಲ್ಲಿ ಸೋಸಿ, ದಪ್ಪದ್ದು, ಸಣ್ಣದು ಎಂದು ಬೇರೆ ಮಾಡಿಕೊಂಡೆವು.

ಆ ಉಸುಕನ್ನು ಸೋಸುವಾಗಲೇ ಮೇಲೆ ಹೇಳಿದ ಸಂಬಂಧದ ಮಾತು ಬಂದದ್ದು. ಕಡಲತೀರದ ಮರಳು ಬಹುಪಾಲು ಕಡಲಿನಲ್ಲಿ ಹುಟ್ಟಿದ್ದಲ್ಲ; ನದಿಗಳು ಬೆಟ್ಟವನ್ನು ಅರೆದು ಹೊತ್ತು ತಂದದ್ದು. ಭೀಮೆ ರಾಯಚೂರು ಜಿಲ್ಲೆಯ ಅಂಚಿನಲ್ಲಿ ಕೃಷ್ಣೆಯನ್ನು ಕೂಡಿ, ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ನಡುವೆ ಜುರಾಲಾ, ಶ್ರೀಶೈಲ, ನಾಗಾರ್ಜುನಸಾಗರಗಳಿವೆ; ಅಣೆಕಟ್ಟು ನೀರನ್ನಷ್ಟೇ ಅಲ್ಲ, ಉಸುಕನ್ನೂ ಹಿಡಿದಿಡುತ್ತದೆ. ಕೃಷ್ಣೆಯ ಮುಖಜಭೂಮಿಗೆ ಬರುವ ಹೂಳು ಅಣೆಕಟ್ಟುಗಳ ನಂತರ ಬಹುವಾಗಿ ಇಳಿದಿರುವುದೂ, ಅಲ್ಲಿಯ ತೀರ ಸವೆಯುತ್ತಿರುವುದೂ ಸಂಶೋಧಕರು ದಾಖಲಿಸಿದ ಸಂಗತಿ. ಅಣೆಕಟ್ಟಿಗೆ ಮೊದಲೇ ನಾವು ನದಿಯ ಪಾತ್ರದಿಂದ ಟಿಪ್ಪರುಗಳಲ್ಲಿ ತುಂಬಿ ಒಯ್ಯುವ ಉಸುಕು ಬೇರೆ. ಏರುವ ಕಡಲಿನ ಜೊತೆಗೆ ದಂಡೆಯೂ ಮೇಲಕ್ಕೆ ಬೆಳೆಯಬೇಕಾದರೆ ಅದಕ್ಕೆ ಹೊಸ ಉಸುಕು ಬರುತ್ತಲೇ ಇರಬೇಕು. ಬರುವುದನ್ನು ತಡೆದು, ಆಮೇಲೆ ಕೋಟಿಗಟ್ಟಲೆ ಖರ್ಚು ಮಾಡಿ ಸುರಿಯುವುದು ಎಂಥ ಲೆಕ್ಕ ಎಂದು ನಮ್ಮ ಗಣಿತದ ಸರ್ ಕೇಳಿದರು. ದೇಶದ ಕರಾವಳಿಯ ಶೇಕಡಾ 33.6ರಷ್ಟು ಭಾಗ 1990ರಿಂದ 2018ರ ನಡುವೆ ಕೊರೆತಕ್ಕೆ ಒಳಗಾಗಿದೆ ಎಂದು ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದೆ. ಆ ಕೊರೆತದಲ್ಲಿ ಕಡಲಿನ ಪಾಲಷ್ಟೇ ಅಲ್ಲ, ದೂರದ ನದಿಗಳಿಂದ ಬರದೆ ಹೋದ ಉಸುಕಿನ ಪಾಲೂ ಇದೆ.

ಈಗ ಆ ದೊಡ್ಡ ಕೊರತೆಯ ವಿಚಾರ. ಈ ತೊಟ್ಟಿಯಲ್ಲಿ ದಂಡೆಯ ಹಿಂದೆ ಜಾಗವೇ ಇಲ್ಲ. ಅಲೆಯ ಹಲಗೆಗೂ ನೀರಿಗೂ ಎಂಬತ್ತು ಸೆಂಟಿಮೀಟರ್ ಹೋದ ಮೇಲೆ ಉಳಿಯುವುದು ನಲವತ್ತೇ ಸೆಂಟಿಮೀಟರ್. ಎರಡು ಸೆಂಟಿಮೀಟರ್ ನೀರು ಏರಿಸಿ ಅರ್ಧ ಗಂಟೆ ಅಲೆ ಬಿಟ್ಟರೆ ದಂಡೆ ಹಿಂದೆ ಸರಿಯುತ್ತ ಅಕ್ರಿಲಿಕ್ಕಿನ ಹಿಂಗೋಡೆಗೆ ತಾಕಿ, ಅಲ್ಲಿ ಮುಗಿದುಹೋಗುತ್ತದೆ. ಕೈಪಿಡಿಯಲ್ಲಿಯೂ ಗೋಡೆ, ದಿಬ್ಬ, ಮರಳು ಎಂಬ ಮೂರು ಉಪಾಯಗಳೇ ಇವೆ. ದಂಡೆಗೆ ಹಿಂದೆ ಸರಿಯಲು ಜಾಗ ಬಿಟ್ಟು, ಅದರ ದಾರಿಯಲ್ಲಿರುವ ಕಟ್ಟಡ, ರಸ್ತೆಗಳನ್ನು ನಾವೇ ಹಿಂದಕ್ಕೆ ಒಯ್ಯುವ ನಾಲ್ಕನೆಯ ಉಪಾಯ ಇಲ್ಲ. ತೊಟ್ಟಿಯ ಅಳತೆಯೇ ಅದನ್ನು ಅಸಾಧ್ಯ ಮಾಡಿದೆ. ಒಂದು ಕಲಿಕೆಯ ಸಾಧನ ಉತ್ತರವನ್ನು ಮೊದಲೇ ಕತ್ತರಿಸಿಟ್ಟರೆ ಮಕ್ಕಳು ಆ ಉತ್ತರವನ್ನು ಎಂದೂ ಯೋಚಿಸುವುದಿಲ್ಲ. ಈ ಒಂದು ಕಾರಣಕ್ಕೆ ನಾನು ಪೂರ್ಣ ಅಂಕ ಕೊಡಲಾರೆ.

ಇದಕ್ಕೆ ನಾವು ಕಂಡುಕೊಂಡ ಪರಿಹಾರವನ್ನು ಹೇಳುತ್ತೇನೆ. ಪೇಟೆಯಲ್ಲಿ ಮೀನಿನ ಗಾಜಿನ ಪೆಟ್ಟಿಗೆ ಮಾಡುವವರ ಅಂಗಡಿಗೆ ತೊಟ್ಟಿಯನ್ನು ಆಟೋದಲ್ಲಿ ಹೊತ್ತೊಯ್ದು, ಹಿಂಗೋಡೆಯನ್ನು ಕೊಯ್ಸಿ, ಇನ್ನೊಂದು 80 ಸೆಂಟಿಮೀಟರ್ ಉದ್ದವನ್ನು ಜೋಡಿಸಿದೆವು. 2,200 ರೂಪಾಯಿ ಆಯಿತು. ಅಂಗಡಿಯಾತ ಎರಡು ದಿನ ನೀರು ತುಂಬಿಟ್ಟು ಸೋರುವುದಿಲ್ಲವೆಂದು ಖಚಿತ ಮಾಡಿಕೊಂಡೇ ಕೊಟ್ಟರು. ಅದಾದ ಮೇಲೆ ಮಾಡಿದ ಪ್ರಯೋಗವೇ ಬೇರೆ. ಬೆಂಚು, ಶೌಚಾಲಯಗಳನ್ನು ಮುಂದೆಯೇ ಇಟ್ಟ ತಂಡದ ವಸ್ತುಗಳು ಒಂದೊಂದಾಗಿ ಉರುಳಿದವು. ಮೊದಲೇ ಹಿಂದಕ್ಕೆ ಒಯ್ದಿಟ್ಟ ತಂಡದ ಸರದಿಯಲ್ಲಿ ನಾಲ್ಕು ಸೆಂಟಿಮೀಟರ್ ನೀರು ಏರಿದ ಮೇಲೂ ದಂಡೆ ಅಷ್ಟೇ ಅಗಲವಾಗಿ, ಅದೇ ಇಳಿಜಾರಿನಲ್ಲಿ, ಬೇರೆ ಜಾಗದಲ್ಲಿ ಇತ್ತು. ಕ್ಯಾಲಿಫೋರ್ನಿಯಾದ ವೆಂಚುರಾ ಎಂಬ ಊರಿನ ಸರ್ಫರ್ಸ್ ಪಾಯಿಂಟ್‌ನಲ್ಲಿ ಇದನ್ನೇ ನಿಜವಾಗಿ ಮಾಡಿದ್ದಾರೆ. ಕೊರೆತಕ್ಕೆ ಸಿಕ್ಕ ಸೈಕಲ್ ದಾರಿ ಮತ್ತು ವಾಹನ ನಿಲ್ದಾಣವನ್ನು ಗೋಡೆ ಕಟ್ಟಿ ಉಳಿಸುವ ಬದಲು ಕಿತ್ತು ಹಿಂದಕ್ಕೆ ಒಯ್ದು, ಖಾಲಿಯಾದ ಜಾಗದಲ್ಲಿ ಉರುಟು ಕಲ್ಲುಗಳನ್ನು ಹೂತು, ಮೇಲೆ ಮರಳ ದಿಬ್ಬ ಮಾಡಿ ಗಿಡ ನೆಟ್ಟರು. ಮೊದಲ ಹಂತ 2011ರಲ್ಲಿ ಮುಗಿಯಿತು.

ನಮ್ಮ ದೇಶದ ನಿಯಮದಲ್ಲಿ ಇದಕ್ಕೆ ಅವಕಾಶವೂ ಇದೆ, ಅಡ್ಡಿಯೂ ಇದೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಗ್ರಾಮೀಣ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಕಟ್ಟಡವಿಲ್ಲದ ವಲಯವನ್ನು ಇಟ್ಟಿದೆ. ಆದರೆ ಜನ ದಟ್ಟವಾಗಿರುವ ಗ್ರಾಮೀಣ ಭಾಗಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿದೆ. ಕಡಲು ಏರಿದಂತೆ ಉಬ್ಬರದ ಗೆರೆಯೇ ಒಳಕ್ಕೆ ನಡೆದುಬರುತ್ತದೆ, ಕಟ್ಟಡ ನಡೆಯುವುದಿಲ್ಲ. 50 ಮೀಟರ್ ಎಂಬುದು ಕಟ್ಟಿದ ದಿನದ ಅಳತೆಯಷ್ಟೇ. ಅದೇ ಅಧಿಸೂಚನೆ ದಂಡೆಯ ಮೇಲೆ ಉಬ್ಬರದ ಗೆರೆಯಿಂದ ಕನಿಷ್ಠ 10 ಮೀಟರ್ ಬಿಟ್ಟು ಶೌಚಾಲಯ, ಬಟ್ಟೆ ಬದಲಿಸುವ ಕೋಣೆಯಂಥ ತಾತ್ಕಾಲಿಕ ಸೌಲಭ್ಯಗಳಿಗೆ ಅನುಮತಿ ಕೊಡುತ್ತದೆ. ಆ ತಾತ್ಕಾಲಿಕ ಎಂಬ ಪದವನ್ನು ಅಕ್ಷರಶಃ ಪಾಲಿಸಬೇಕು. ಬಿಚ್ಚಿ ಒಯ್ಯಬಹುದಾದ ಮರದ ನಡೆದಾರಿ, ಚಕ್ರದ ಮೇಲಿನ ಶೌಚಾಲಯ, ಮಳೆಗಾಲಕ್ಕೆ ಮುನ್ನ ಎತ್ತಿಡಬಹುದಾದ ಗೋಪುರ. 2020ರಲ್ಲಿ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮನ್ನಣೆ ಬಂದಾಗ ರಾಜ್ಯಕ್ಕೆಲ್ಲ ಸಂತೋಷವಾಯಿತು. ಆ ಮನ್ನಣೆಗೆ ನೀರಿನ ಶುದ್ಧತೆ, ಸುರಕ್ಷತೆ, ಸ್ವಚ್ಛತೆ ಸೇರಿ 33 ಮಾನದಂಡಗಳಿವೆ. ಮೂವತ್ತು ವರ್ಷಗಳ ನಂತರ ಆ ದಂಡೆ ಎಲ್ಲಿರುತ್ತದೆ, ಅದಕ್ಕಾಗಿ ಹಿಂದೆ ಯಾವ ಜಾಗವನ್ನು ಖಾಲಿ ಇಟ್ಟಿದ್ದೇವೆ ಎಂಬುದನ್ನೂ ಪ್ರತಿ ಸಾರ್ವಜನಿಕ ಕಡಲತೀರದ ಯೋಜನೆಯಲ್ಲಿ ಬರೆದಿಡಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಹಿಂದೆ ಸರಿಯುವುದು ಎಂಬ ಮಾತನ್ನು ಹೇಳುವುದು ಸುಲಭ. ಉದ್ದ ಮಾಡಿದ ತೊಟ್ಟಿಯಲ್ಲಿ ಆಟಿಕೆಯ ಮನೆಗಳನ್ನು ಹಿಂದಕ್ಕೆ ಇಡುತ್ತಿದ್ದಾಗ ಭೀಮೆಯ ದಂಡೆಯ ಹಳ್ಳಿಯಿಂದ ಬರುವ ಹುಡುಗನೊಬ್ಬ ಮೆಲ್ಲಗೆ ಹೇಳಿದ: “ನಮ್ಮೂರು ಭೀ ಹಿಂಗೇ ಮ್ಯಾಲ ಬಂದದರಿ. ನಮ್ಮ ಆಯಿ ಇನ್ನೂ ಹಳೀ ಮನೀಗಿ ಹೋಗಿ ದೀಪ ಹಚ್ಚಿ ಬರ್ತಾಳ್ರಿ.” 2009ರ ಮಹಾಪೂರದ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗದಲ್ಲಿ ಕಟ್ಟಿಕೊಟ್ಟ ಮನೆಗಳಲ್ಲಿ ಅವರದೂ ಒಂದು. ಅವನ ಮಾತಿನ ನಂತರ ತರಗತಿಯಲ್ಲಿ ಚರ್ಚೆಯ ದಿಕ್ಕೇ ಬದಲಾಯಿತು. ಬೆಂಚನ್ನೂ ಶೌಚಾಲಯವನ್ನೂ ಸರಿಸುವುದು ಒಂದು, ಮೀನುಗಾರರ ಮನೆಯನ್ನು ಸರಿಸುವುದು ಇನ್ನೊಂದು. ಕಡಲಿನಿಂದ ದೂರ ಹೋದರೆ ದೋಣಿಯನ್ನು ಯಾರು ಕಾಯಬೇಕು, ಹೊಸ ಜಾಗದಲ್ಲಿ ನೀರು, ಶಾಲೆ, ದಾರಿ ಇವೆಯೇ, ಸರಿಯಬೇಕಾದವರನ್ನು ಮೊದಲು ಕೇಳಿದ್ದಾರೆಯೇ ಎಂಬ ಪ್ರಶ್ನೆಗಳನ್ನು ಕರಾವಳಿಯನ್ನೇ ಕಾಣದ ಮಕ್ಕಳು ಎತ್ತಿದರು. ಯಾವ ಕಿಟ್‌ನ ಕೈಪಿಡಿಯಲ್ಲೂ ಅವು ಇರಲಾರವು.

ಇನ್ನುಳಿದ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಇದು ಕಿರಿದಾದ ತೊಟ್ಟಿಯಾದ್ದರಿಂದ ದಂಡೆಯ ಉದ್ದಕ್ಕೂ ಸಾಗುವ ಮರಳಿನ ಹರಿವನ್ನು ತೋರಿಸಲಾರದು. ಪುದುಚೇರಿಯಲ್ಲಿ ಬಂದರಿನ ಅಲೆತಡೆಗಳು ಆ ಹರಿವನ್ನು ತಡೆದದ್ದರಿಂದಲೇ ಊರಿನ ಮುಂದಿನ ದಂಡೆ ಮಾಯವಾಯಿತು. 2018ರಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನೀರಿನೊಳಗೆ ಕೃತಕ ದಿಬ್ಬವೊಂದನ್ನು ಇರಿಸಿದ ಮೇಲೆ ಒಂದಿಷ್ಟು ದಂಡೆ ಮರಳಿ ಬಂತು. ಇದನ್ನು ಕಲಿಸಲು ನಾವು ಅಗಲವಾದ ಕಬ್ಬಿಣದ ಬುಟ್ಟಿಯಲ್ಲಿ ಓರೆಯಾಗಿ ಅಲೆ ಎಬ್ಬಿಸಿ ಹೇಗೋ ನಿಭಾಯಿಸಿದೆವು. ಎರಡನೆಯದಾಗಿ, ತೊಟ್ಟಿಯಲ್ಲಿ ಕಂಡ ಅಳತೆಗಳನ್ನು ನಿಜವಾದ ದಂಡೆಗೆ ಗುಣಿಸಬಾರದು ಎಂಬ ಎಚ್ಚರಿಕೆ ಕೈಪಿಡಿಯಲ್ಲಿ ಇಲ್ಲ. ಐವತ್ತು ಪಟ್ಟು ಕಿರಿದು ಮಾಡಿದ ದಂಡೆಯಲ್ಲಿ 0.3 ಮಿಲಿಮೀಟರಿನ ಉಸುಕಿನ ಕಣ 15 ಮಿಲಿಮೀಟರಿನ ಹರಳಿಗೆ ಸಮ. ತೊಟ್ಟಿ ಯಾವ ದಿಕ್ಕಿಗೆ ಬದಲಾವಣೆಯಾಗುತ್ತದೆ ಎಂದು ತೋರಿಸುತ್ತದೆ, ಎಷ್ಟು ಎಂದಲ್ಲ. ಮೂರನೆಯದು, ಕೈಪಿಡಿ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅದರ ಇಪ್ಪತ್ತೆರಡು ಪುಟಗಳನ್ನು ನಾನೇ ಕನ್ನಡಕ್ಕೆ ತಂದು, ದಂಡೆ ಉಳಿಯಿತೇ ಎಂಬ ಪ್ರಶ್ನೆಯನ್ನು ಪ್ರತಿ ಪ್ರಯೋಗದ ಕೊನೆಗೂ ಸೇರಿಸಿದ್ದೇನೆ.

ಮಾರಿದವರ ಸೇವೆ ಸಾಧಾರಣ. ಬಂದ ಮೂರನೆಯ ವಾರದಲ್ಲಿ ಮೂಲೆಯ ಅಂಟು ಬಿಟ್ಟು ನೀರು ಸೋರಿತು. ಬದಲಿ ಅಂಟಿನ ಕೊಳವೆ ಬರಲು ಒಂದೂವರೆ ತಿಂಗಳಾಯಿತು, ಅಷ್ಟರಲ್ಲಿ ಒಂದು ಪರೀಕ್ಷೆಯೇ ಮುಗಿದಿತ್ತು. ಮೋಟಾರು ಮಾತ್ರ ಗಟ್ಟಿ. ಕರೆಂಟ್ ಹೋಗಿ ಬರುವ ನಮ್ಮ ಊರಿನಲ್ಲಿಯೂ ಒಂದು ವರ್ಷ ತಕರಾರಿಲ್ಲದೆ ಓಡಿದೆ. ಹಿಂಗೋಡೆಯ ಕೊರತೆಯ ಬಗ್ಗೆ ಅವರಿಗೆ ಅಳತೆಗಳ ಸಮೇತ ಪತ್ರ ಬರೆದಿದ್ದೇವೆ. 46 ಮಕ್ಕಳೂ ಸಹಿ ಹಾಕಿದ್ದಾರೆ.

ಕೊಳ್ಳುವವರು ಮೊದಲೇ ಎರಡು ಮೀಟರ್ ಉದ್ದದ ತೊಟ್ಟಿ ಕೇಳಿ. ಕೊಡದಿದ್ದರೆ ಮೋಟಾರು ಮತ್ತು ಅಲೆಯ ಹಲಗೆಯನ್ನಷ್ಟೇ ತರಿಸಿಕೊಂಡು ತೊಟ್ಟಿಯನ್ನು ನಿಮ್ಮ ಊರಿನ ಗಾಜಿನ ಅಂಗಡಿಯಲ್ಲಿಯೇ ಮಾಡಿಸಿರಿ. ಏಪ್ರಿಲ್, ಮೇ ತಿಂಗಳಲ್ಲಿ ನೀರು ಬಸಿದು, ಉಸುಕನ್ನು ನೆರಳಿನಲ್ಲಿ ಒಣಗಿಸಿ, ತೊಟ್ಟಿಯ ಮೇಲೆ ಒದ್ದೆ ಗೋಣಿ ಹೊದಿಸಿಡಿ, ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಅಂಟು ಬಿರಿಯುತ್ತದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ನಮ್ಮ ಪ್ರಯೋಗಾಲಯ ತೆರೆದಿರುತ್ತದೆ. ಸುತ್ತಲಿನ ಶಾಲೆಗಳವರು ಮಕ್ಕಳನ್ನು ಕರೆದುಕೊಂಡು ಬಂದು ನೋಡಬಹುದು, ಬರುವಾಗ ಒಂದು ಚೀಲ ಸೋಸಿದ ಉಸುಕು ತಂದರೆ ನಮಗೆ ಅನುಕೂಲವಾಗುತ್ತದೆ.